ಹೊಗೆ ಮೆಟ್ಟಿಲು ಹತ್ತುವ ಮೊದಲು: ಕಲಬುರಗಿಯ ಅಪಾರ್ಟ್‌ಮೆಂಟ್ ನಿವಾಸಿಗಳಿಗೆ ಬೆಂಕಿ ಸುರಕ್ಷತೆಯ ಸಮಗ್ರ ಮಾರ್ಗದರ್ಶಿ

ಜೇವರ್ಗಿ ರೋಡ್ ಇರಲಿ, ಸೇಡಂ ರೋಡ್ ಇರಲಿ, ಕಲಬುರಗಿಯ ಅಪಾರ್ಟ್‌ಮೆಂಟ್‌ಗಳು ಹೆಚ್ಚೂಕಡಿಮೆ ಒಂದೇ ಅಚ್ಚಿನವು. ಕೆಳಗೆ ಕಂಬಗಳ ನಡುವೆ ಪಾರ್ಕಿಂಗ್. ಮೇಲೆ ನಾಲ್ಕೈದು ಮಹಡಿ. ಒಂದು ಲಿಫ್ಟು, ಅದರ ಪಕ್ಕ ಒಂದೇ ಮೆಟ್ಟಿಲು. ಮೆಟ್ಟಿಲಿನ ಬುಡದಲ್ಲಿ ಎಲ್ಲ ಮನೆಗಳ ಮೀಟರ್ ಬೋರ್ಡು, ಬೋರ್ಡಿಗೆ ಒತ್ತಿ ನಿಲ್ಲಿಸಿದ ಸ್ಕೂಟರ್‌ಗಳು.

ಅಪಾಯ ಇರುವುದು ಇಲ್ಲೇ. ಆ ಬೋರ್ಡಿಗೋ ಸ್ಕೂಟರಿಗೋ ಬೆಂಕಿ ಹತ್ತಿದರೆ ಉರಿ ನಾಲ್ಕನೇ ಮಹಡಿ ಮುಟ್ಟದೇ ಇರಬಹುದು. ಹೊಗೆ ಮಾತ್ರ ಬಂದೇ ಬರುತ್ತದೆ, ಅದೂ ಕೆಲವೇ ನಿಮಿಷದಲ್ಲಿ. ಮೆಟ್ಟಿಲು, ಲಿಫ್ಟು ಓಡಾಡುವ ಟೊಳ್ಳು ಜಾಗ, ವೈರುಗಳು ಮೇಲೇರುವ ಡಕ್ಟು ಎಲ್ಲವೂ ಅದಕ್ಕೆ ಚಿಮಣಿಯಾಗುತ್ತವೆ. ನಾವು ಇಳಿಯಬೇಕಾದ ದಾರಿಯಲ್ಲೇ ಅದು ಹತ್ತಿ ಬರುತ್ತದೆ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಆಗಿದ್ದೂ ಇದೇ. ವಿದ್ಯುತ್ ಡಕ್ಟಿನಿಂದ ಎದ್ದ ಹೊಗೆ ಕಟ್ಟಡ ತುಂಬಿತು. 9 ಜನ ಸತ್ತರು. ಉಸಿರು ಕಟ್ಟಿ ತಾಳಲಾರದೆ ಕಿಟಕಿಯಿಂದ ಹಾರಿದವರೂ ಅದರಲ್ಲಿದ್ದರು.

ಹಾಗಾಗಿ ಪ್ರತಿ ಮನೆಯವರೂ ಒಂದು ಪ್ರಶ್ನೆಗೆ ಮೊದಲೇ ಉತ್ತರ ಇಟ್ಟುಕೊಂಡಿರಬೇಕು. ಇಳಿದು ಹೋಗಬೇಕಾ, ಬಾಗಿಲು ಹಾಕಿಕೊಂಡು ಒಳಗೇ ಇರಬೇಕಾ? ಅದನ್ನು ಹೊಗೆಯ ನಡುವೆ ನಿಂತು ಯೋಚಿಸಲು ಆಗುವುದಿಲ್ಲ.

ಮೊದಲ ಹೆಜ್ಜೆ: ಮಾಳಿಗೆಯಿಂದ ಗೇಟಿನವರೆಗೆ ಒಮ್ಮೆ ಇಳಿದು ನೋಡಿ

ಒಂದು ಭಾನುವಾರ ಬೆಳಿಗ್ಗೆ ಅಸೋಸಿಯೇಷನ್‌ನ ಇಬ್ಬರು ಮೂವರು ಸೇರಿ ಈ ಕೆಲಸ ಮಾಡಿ. ಲಿಫ್ಟಿನಲ್ಲಿ ಮೇಲೆ ಹೋಗಿ, ನಡೆದು ಇಳಿಯಿರಿ. ಕೈಯಲ್ಲೊಂದು ಚೀಟಿ ಪೆನ್ನು ಇರಲಿ.

ಮೊದಲು ಮಾಳಿಗೆಯ ಬಾಗಿಲು. ಇದಕ್ಕೆ ಬೀಗ ಹಾಕುವ ಚಟ ನಮ್ಮಲ್ಲಿ ಜಾಸ್ತಿ. ಟ್ಯಾಂಕಿನ ಜಗಳ, ಒಣಹಾಕಿದ ಬಟ್ಟೆ ಕಳವು, ಹುಡುಗರ ಹಾವಳಿ, ಕಾರಣ ಏನೇನೋ. ಬೀಗ ತೆಗೆಸಿ, ಮೆಟ್ಟಿಲಿನ ಕಡೆಯಿಂದ ಕೀಲಿ ಇಲ್ಲದೆ ತೆರೆಯುವ ಚಿಲಕ ಹಾಕಿಸಿ. ಬೇಸಿಗೆಯಲ್ಲಿ ಮೇಲೆ ಮಲಗುವವರು ಆಚೆ ಕಡೆಯಿಂದ ಚಿಲಕ ಹಾಕಿಕೊಳ್ಳಬಾರದು. ಕೆಳಗಿನಿಂದ ಓಡಿ ಬಂದವರು ಬಾಗಿಲ ಹಿಂದೆ ಸಿಕ್ಕಿಬೀಳುತ್ತಾರೆ.

ನಂತರ ಪ್ರತಿ ಮಹಡಿಯ ಮೆಟ್ಟಿಲ ತಿರುವು. ಚಪ್ಪಲಿ ಸ್ಟ್ಯಾಂಡು, ಮಕ್ಕಳ ಸೈಕಲ್ಲು, ರದ್ದಿ ಪೇಪರ್ ಕಟ್ಟು, ಎರಡನೇ ಸಿಲಿಂಡರ್, ಮಳೆಗಾಲ ಶುರುವಾದ ಕೂಡಲೇ ಮನೆಯಿಂದ ಹೊರಬಿದ್ದ ಕೂಲರ್. ಈ ಕೂಲರ್ ಮುಂದಿನ ಮಾರ್ಚ್‌ವರೆಗೆ ಅಲ್ಲೇ ಬಿಡಾರ ಹೂಡುತ್ತದೆ. ಹಗಲು ಇದನ್ನೆಲ್ಲ ಸುತ್ತಿಕೊಂಡು ಹೋಗಬಹುದು. ಕತ್ತಲಲ್ಲಿ, ಹೊಗೆಯಲ್ಲಿ, ಅಜ್ಜಿಯನ್ನು ಹಿಡಿದುಕೊಂಡು ಇಳಿಯುವಾಗ ಆಗುವುದಿಲ್ಲ. ಸಿಲಿಂಡರ್ ಅಂತೂ ಅವತ್ತೇ ಅಲ್ಲಿಂದ ಹೋಗಬೇಕು. ಉಳಿದದ್ದಕ್ಕೆ ಒಂದು ವಾರ ಗಡುವು ಕೊಡಿ. ಯಾರ ಸಾಮಾನು ಎಂದು ಗ್ರೂಪಿನಲ್ಲಿ ಫೋಟೊ ಹಾಕಿ ಮರ್ಯಾದೆ ತೆಗೆಯುವುದಕ್ಕಿಂತ ಬಾಗಿಲು ತಟ್ಟಿ "ಕಾಕಾ, ಇದೊಂದು ಒಳಗೆ ಇಟ್ಕೊಳ್ಳಿ" ಅಂದರೆ ಕೆಲಸ ಬೇಗ ಆಗುತ್ತದೆ.

ವೈರಿನ ಡಕ್ಟಿನ ಬಾಗಿಲು ತೆರೆದು ನೋಡಿ. ಪೊರಕೆ, ಬಕೆಟ್, ಪೇಂಟ್ ಡಬ್ಬಿ ಇದ್ದರೆ ಹೊರಗೆ ಹಾಕಿ. ಒಂದು ಮಹಡಿಯಿಂದ ಇನ್ನೊಂದಕ್ಕೆ ವೈರ್ ಹೋಗುವ ತೂತು ಬಾಯಿ ತೆರೆದುಕೊಂಡಿದ್ದರೆ ಅದನ್ನು ಬೆಂಕಿ ತಡೆಯುವ ಸೀಲಿಂಗ್ ಸಾಮಗ್ರಿಯಿಂದ ಮುಚ್ಚಿಸಬೇಕು. ಥರ್ಮೊಕೋಲ್, ಫೋಮ್ ತುರುಕಿದರೆ ಉರಿಗೆ ಇನ್ನಷ್ಟು ಮೇವು ಕೊಟ್ಟ ಹಾಗೆ.

ಕೆಳಗೆ ಬಂದಿರಾ? ಮೀಟರ್ ಬೋರ್ಡಿನ ಮುಂದೆ ಕನಿಷ್ಠ ಮೂರು ಅಡಿ ಖಾಲಿ ಜಾಗ ಇರಲಿ. ನೆಲದ ಮೇಲೆ ಹಳದಿ ಪಟ್ಟೆ ಹೊಡೆಸಿ, ಅದರೊಳಗೆ ಗಾಡಿ ನಿಲ್ಲಿಸಬಾರದು. ಬೋರ್ಡಿನ ಹತ್ತಿರ ಒಂದು ನಿಮಿಷ ಸುಮ್ನೆ ನಿಂತು ಗಮನಿಸಿ. ಗುಂಯ್ ಎನ್ನುವ ಸದ್ದು, ಸುಟ್ಟ ಪ್ಲಾಸ್ಟಿಕ್ ವಾಸನೆ, ಕಂದು ತಿರುಗಿದ ಮೀಟರ್ ಮುಚ್ಚಳ, ಇವೆಲ್ಲ ಎಲ್ಲೋ ಕನೆಕ್ಷನ್ ಸಡಿಲವಾಗಿದೆ ಎಂಬುದರ ಗುರುತು. ಸಡಿಲ ಜಾಯಿಂಟ್ ಕಾದರೆ ಎಂಸಿಬಿ (ತಾನಾಗಿ ಕರೆಂಟ್ ಕಡಿಯುವ ಸ್ವಿಚ್) ಬೀಳುವುದಿಲ್ಲ ಎಂಬುದು ನೆನಪಿರಲಿ. ಅದು ಕರೆಂಟ್ ಮಿತಿ ಮೀರಿದಾಗ ಮಾತ್ರ ಬೀಳುತ್ತದೆ. ಮೀಟರ್ ಮತ್ತು ಅದರ ಹಿಂದಿನ ಲೈನ್ ವಿದ್ಯುತ್ ಕಂಪನಿ ಜೆಸ್ಕಾಂ ಜವಾಬ್ದಾರಿ, 1912ಕ್ಕೆ ಫೋನ್ ಮಾಡಿ ದೂರು ಸಂಖ್ಯೆ ತೆಗೆದುಕೊಳ್ಳಿ. ಮೀಟರಿನಿಂದ ಈಚೆಗೆ ಮನೆಯವರದ್ದು. ಅದಕ್ಕೆ ಲೈಸೆನ್ಸ್ ಇರುವ ವೈರ್‌ಮನ್ ಬೇಕು.

ಕೊನೆಗೆ ಚಾನೆಲ್ ಗೇಟು. ರಾತ್ರಿ ಹನ್ನೊಂದಕ್ಕೆ ವಾಚ್‌ಮನ್ ಬೀಗ ಜಡಿದು ಕೀಲಿಯನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಾನೆ. ಅವನು ಚಹಾ ಕುಡಿಯಲು ಹೋದ ಹೊತ್ತಿಗೇ ಬೆಂಕಿ ಬಿದ್ದರೆ? ಒಳಗಿನಿಂದ ಕೀಲಿ ಇಲ್ಲದೆ ತೆರೆಯುವ ಲಾಕ್ ಹಾಕಿಸುವುದು ಒಳ್ಳೆಯದು. ಅಲ್ಲಿಯತನಕ ಒಂದು ಕೀಲಿ ಗೇಟಿನ ಒಳಗಡೆ ಗಾಜಿನ ಪೆಟ್ಟಿಗೆಯಲ್ಲಿ, ಇನ್ನೊಂದು ಮೊದಲ ಮಹಡಿಯ ಮನೆಯಲ್ಲಿ ಇರಲಿ.

ಗೇಟಿನಿಂದ ಮುಖ್ಯ ರಸ್ತೆಯವರೆಗೂ ಒಮ್ಮೆ ನಡೆಯಿರಿ. ಅಗ್ನಿಶಾಮಕ ವಾಹನ ತಿರುಗುವಷ್ಟು ಜಾಗ ಇದೆಯಾ? ಕೇಬಲ್ ವೈರ್ ಕೆಳಗೆ ಜೋತುಬಿದ್ದಿದೆಯಾ? ಗಣೇಶನ ಪೆಂಡಾಲ್ ರಸ್ತೆ ಮುಚ್ಚುತ್ತದೆಯಾ? ಶರಣಬಸವೇಶ್ವರ ಗುಡಿಯ ಆಸುಪಾಸಿನಲ್ಲಿ ಇರುವವರು ಹೋಳಿ ಆದ ಮೇಲಿನ ಜಾತ್ರೆ ದಿನಗಳಿಗೆ ಬದಲಿ ದಾರಿಯನ್ನೂ ಗುರುತು ಮಾಡಿಕೊಂಡಿರಬೇಕು. ಫೋನಿನಲ್ಲಿ ದಾರಿ ಹೇಳುವಾಗ ಬೇಕಾಗುತ್ತದೆ.

ಎರಡನೇ ಹೆಜ್ಜೆ: ಮನೆಯೊಳಗೆ

ನಮ್ಮ ಊರಿನ ಬೇಸಿಗೆಯೇ ಇಲ್ಲಿ ಮೊದಲ ಆರೋಪಿ. ಏಪ್ರಿಲ್, ಮೇ ತಿಂಗಳಲ್ಲಿ 42–43 ಡಿಗ್ರಿ ಬಿಸಿಲು. ಎಲ್ಲ ಮನೆಯ ಎಸಿ, ಕೂಲರ್, ಫ್ರಿಜ್ ಒಟ್ಟಿಗೆ ಓಡುತ್ತವೆ. ವೋಲ್ಟೇಜ್ ಇಳಿದಾಗ ಮೋಟರ್‌ಗಳು ಜಾಸ್ತಿ ಕರೆಂಟ್ ಎಳೆದು ಕಾಯುತ್ತವೆ. 1.5 ಟನ್ ಎಸಿಗೆ ಡಿಬಿಯಿಂದ (ಮನೆಯೊಳಗೆ ಎಂಸಿಬಿಗಳಿರುವ ಪೆಟ್ಟಿಗೆ) ನೇರವಾಗಿ ಬಂದ ಪ್ರತ್ಯೇಕ ವೈರು, 16 ಆಂಪಿಯರ್ ಪಾಯಿಂಟು, ಅದರದ್ದೇ ಎಂಸಿಬಿ ಬೇಕು. ಎಕ್ಸ್‌ಟೆನ್ಷನ್ ಬೋರ್ಡಿಗೆ ಎಸಿ, ಗೀಸರ್, ಇಸ್ತ್ರಿಪೆಟ್ಟಿಗೆ ಹಾಕಲೇಬಾರದು. ಎಂಸಿಬಿ ಪದೇಪದೇ ಬೀಳುತ್ತದೆ ಎಂದು ದೊಡ್ಡ ಆಂಪಿಯರಿನದ್ದು ಹಾಕಿಸುವವರಿದ್ದಾರೆ. ಆಮೇಲೆ ಎಂಸಿಬಿ ಬೀಳುವುದಿಲ್ಲ ನಿಜ, ಗೋಡೆಯೊಳಗಿನ ವೈರೇ ಸುಡುತ್ತದೆ.

ಕೂಲರಿನದ್ದು ಎರಡು ತೊಂದರೆ. ಟ್ಯಾಂಕಿನಲ್ಲಿ ನೀರು ಮುಗಿದು ಹುಲ್ಲು ಒಣಗಿ, ಮೋಟರ್ ಕಾದರೆ ಆ ಹುಲ್ಲಿಗೆ ಕಿಡಿ ಸಾಕು. ಸೀಸನ್ ಶುರುವಿನಲ್ಲಿ ಹುಲ್ಲು ಬದಲಿಸಿ, ಮೋಟರ್ ಮತ್ತು ಪಂಪಿನ ವೈರ್ ತೋರಿಸಿ. ಎರಡನೆಯದು, ಕೂಲರ್ ಇಡುವುದು ಕಿಟಕಿಗೆ. ಆ ಕೋಣೆಗೆ ಇದ್ದ ಒಂದೇ ಕಿಟಕಿ ಅದರಿಂದ ಮುಚ್ಚಿಹೋಗುತ್ತದೆ. ಮಕ್ಕಳು, ಹಿರಿಯರು ಮಲಗುವ ಕೋಣೆಯಲ್ಲಿ ಹೀಗಾಗಿದ್ದರೆ ಅವರ ಮಂಚವನ್ನಾದರೂ ಬೇರೆ ಕೋಣೆಗೆ ಹಾಕಿ.

ಇನ್ವರ್ಟರ್ ಇರುವವರಿಗೆ ಒಂದು ಮಾತು. ಮೇನ್ ಸ್ವಿಚ್ ಆಫ್ ಮಾಡಿದರೂ ಇನ್ವರ್ಟರಿನಿಂದ ಫ್ಯಾನು, ಲೈಟಿನ ಲೈನಿಗೆ ಕರೆಂಟ್ ಬರುತ್ತಲೇ ಇರುತ್ತದೆ. ಎರಡನ್ನೂ ಆಫ್ ಮಾಡುವುದು ಮನೆಯ ಎಲ್ಲರಿಗೂ ಗೊತ್ತಿರಬೇಕು. ನೀರು ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಅದಕ್ಕೆ ಗಾಳಿಯಾಡುವ ಜಾಗ ಬೇಕು.

ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಹಾಕುವುದೂ ಬೇಡ, ಆರಿಸುವುದೂ ಬೇಡ, ಎಕ್ಸಾಸ್ಟ್ ಫ್ಯಾನಂತೂ ಬೇಡವೇ ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಿದು ನಿಲ್ಲುತ್ತದೆ. ಅಡುಗೆಮನೆಯ ಮೇಲಿನ ಕಿಟಕಿ ಒಂದೇ ತೆರೆದರೆ ಸಾಲದು, ಬಾಲ್ಕನಿಯ ಬಾಗಿಲೂ ತೆರೆಯಬೇಕು. ರೆಗ್ಯುಲೇಟರ್ ತೆಗೆದು, ಸಿಲಿಂಡರಿಗೆ ದಾರದಲ್ಲಿ ಕಟ್ಟಿಕೊಂಡು ಬರುವ ಪ್ಲಾಸ್ಟಿಕ್ ಕ್ಯಾಪ್ ಒತ್ತಿ ಹಾಕಿ. ಎಲ್ಲರೂ ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ. ಕಿತ್ತಳೆ ಬಣ್ಣದ ಸುರಕ್ಷಾ ಪೈಪಿನ ಮೇಲೆ ತಾರೀಖು ಅಚ್ಚಾಗಿರುತ್ತದೆ, 5 ವರ್ಷಕ್ಕೊಮ್ಮೆ ಬದಲಿಸಬೇಕು.

ಮಿರ್ಚಿ ಭಜಿ ಕರಿಯುವಾಗ ಕಡಾಯಿಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕುವುದು ಎಲ್ಲಕ್ಕಿಂತ ಕೆಟ್ಟ ಕೆಲಸ. ನೀರು ತಳಕ್ಕಿಳಿದು ಒಂದೇ ಕ್ಷಣದಲ್ಲಿ ಸುಮಾರು 1700 ಪಟ್ಟು ಹಿಗ್ಗಿ ಆವಿಯಾಗುತ್ತದೆ, ಉರಿಯುವ ಎಣ್ಣೆಯನ್ನು ಮುಖಕ್ಕೆ ಎಸೆಯುತ್ತದೆ. ರೊಟ್ಟಿ ಹಿಟ್ಟು ನಾದುವ ಪರಾತ ಪ್ರತಿ ಮನೆಯಲ್ಲೂ ಇದೆ ಅಲ್ವಾ? ಅದನ್ನು ಗುರಾಣಿಯಂತೆ ಮುಂದೆ ಹಿಡಿದು, ನಿಮ್ಮ ಕಡೆಯಿಂದ ಆಚೆಗೆ ಜಾರಿಸುತ್ತಾ ಕಡಾಯಿಯ ಮೇಲೆ ಮುಚ್ಚಿ. ಒಲೆ ಆರಿಸಿ. ಅರ್ಧ ಗಂಟೆ ಎತ್ತಿ ನೋಡಬೇಡಿ, ಬಿಸಿ ಎಣ್ಣೆಗೆ ಗಾಳಿ ಸಿಕ್ಕರೆ ಮತ್ತೆ ಹೊತ್ತುತ್ತದೆ. ಕಡಾಯಿಯನ್ನು ಎತ್ತಿಕೊಂಡು ಬಚ್ಚಲಿಗೆ ಓಡುವುದಂತೂ ಬೇಡ.

ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜಿಂಗ್ ಪಾಯಿಂಟ್ ಮೆಟ್ಟಿಲಿನಿಂದ, ಮೀಟರ್ ಬೋರ್ಡಿನಿಂದ ದೂರ, ಕಾಂಪೌಂಡ್ ಗೋಡೆಯ ಕಡೆಗೆ ಇರಲಿ. ಬಿಚ್ಚುವ ಬ್ಯಾಟರಿಯನ್ನು ಮನೆಯ ಮುಂಬಾಗಿಲ ಪಕ್ಕ ಇಟ್ಟು ರಾತ್ರಿಯೆಲ್ಲ ಚಾರ್ಜ್ ಮಾಡುವುದು ಬೇಡ. ಅದಕ್ಕೆ ಬೆಂಕಿ ಬಿದ್ದರೆ ಹೊರಗೆ ಹೋಗುವ ದಾರಿಯೇ ಮುಚ್ಚುತ್ತದೆ. ಉಬ್ಬಿದ ಬ್ಯಾಟರಿಯನ್ನು ಲಿಫ್ಟಿಗೆ ಒಯ್ಯಬಾರದು. ದೇವರ ಮನೆಯ ದೀಪ, ಸೊಳ್ಳೆ ಬತ್ತಿ ಪರದೆಯಿಂದ ದೂರ ಇರಲಿ. ರಾತ್ರಿ ನಂದಾದೀಪ ಉರಿಯಲೇಬೇಕು ಎನ್ನುವವರು ಗಾಜಿನ ಚಿಮಣಿ ಹಾಕಿ, ಹಿತ್ತಾಳೆ ತಟ್ಟೆಯಲ್ಲಿ ಇಡಬಹುದು.

ಗ್ರಿಲ್ಲಿನ ವಿಷಯವನ್ನು ಸ್ವಲ್ಪ ಒತ್ತಿ ಹೇಳಬೇಕು. 2021ರ ಸೆಪ್ಟೆಂಬರ್ 21ರಂದು ಬೆಂಗಳೂರಿನ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟ್ ಒಂದರಲ್ಲಿ ತಾಯಿ ಮಗಳು ಬೆಂಕಿಗೆ ಬಲಿಯಾದರು. ಬಾಲ್ಕನಿಗೆ ಗ್ರಿಲ್ ಇತ್ತು. ಹೊರಗೆ ಜನ ನೋಡುತ್ತಿದ್ದರು, ಹೊರಗೆ ಬರುವ ದಾರಿ ಇರಲಿಲ್ಲ. ಕಳ್ಳರ ಭಯ, ಮಂಗಗಳ ಕಾಟ, ಮಕ್ಕಳ ಚಿಂತೆ ಎಲ್ಲ ನಿಜ. ಆದರೂ ಪ್ರತಿ ಮನೆಯ ಒಂದು ಬಾಲ್ಕನಿ ಅಥವಾ ಕಿಟಕಿಯ ಗ್ರಿಲ್ಲಿನಲ್ಲಿ ದೊಡ್ಡವರು ತೂರಿ ಬರುವಷ್ಟು ಅಗಲದ, ಒಳಗಿನಿಂದ ತೆರೆಯುವ ಬಾಗಿಲು ಬೇಕೇ ಬೇಕು. ಫ್ಯಾಬ್ರಿಕೇಶನ್ ಅಂಗಡಿಯವರು ಇದ್ದ ಗ್ರಿಲ್ಲನ್ನೇ ಕತ್ತರಿಸಿ ಕೀಲು ಕೂಡಿಸಿ ಕೊಡುತ್ತಾರೆ. ಬೀಗ ಹಾಕಿದರೆ ಕೀಲಿ ಅದರ ಪಕ್ಕದ ಮೊಳೆಯಲ್ಲೇ, ಮಕ್ಕಳಿಗೆ ಎಟುಕದ ಎತ್ತರದಲ್ಲಿ ತೂಗಲಿ. ಇದು ಹಾರುವುದಕ್ಕಲ್ಲ, ಏಣಿ ಹಾಕಿ ಬರುವ ಸಿಬ್ಬಂದಿ ನಿಮ್ಮನ್ನು ಹೊರತೆಗೆಯುವುದಕ್ಕೆ.

ಮೂರನೇ ಹೆಜ್ಜೆ: ಸಲಕರಣೆ

ಪ್ರತಿ ಮಹಡಿಗೆ ಒಂದು, ಮೀಟರ್ ಬೋರ್ಡಿನ ಹತ್ತಿರ ಒಂದು, 4 ಅಥವಾ 6 ಕಿಲೋ ಎಬಿಸಿ ಪುಡಿಯ (ಕಟ್ಟಿಗೆ-ಬಟ್ಟೆ, ಎಣ್ಣೆ-ಪೆಟ್ರೋಲ್, ಗ್ಯಾಸ್ ಬೆಂಕಿಗೆ ಆಗುವ ಪುಡಿ) ಅಗ್ನಿಶಾಮಕ ಸಿಲಿಂಡರ್ ಇರಲಿ. ಐಎಸ್‌ಐ ಗುರುತು ನೋಡಿ ಕೊಳ್ಳಿ. ತಿಂಗಳಿಗೊಮ್ಮೆ ಗೇಜಿನ ಮುಳ್ಳು ಹಸಿರಿನಲ್ಲಿದೆಯಾ ನೋಡಿ. ಬಳಸುವುದು ಹೀಗೆ: ಪಿನ್ ಎಳೆಯಿರಿ, ಪೈಪಿನ ಬಾಯಿಯನ್ನು ಜ್ವಾಲೆಯ ಬುಡಕ್ಕೆ ಹಿಡಿಯಿರಿ, ಹಿಡಿಕೆ ಒತ್ತಿ, ಎಡಕ್ಕೂ ಬಲಕ್ಕೂ ಬೀಸಿ. ಪುಡಿ 10ರಿಂದ 20 ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಆದ್ದರಿಂದ ಕಸದ ಬುಟ್ಟಿಯಷ್ಟು ಬೆಂಕಿಗೆ ಮಾತ್ರ ಕೈ ಹಾಕಿ, ಅದೂ ಹೊರಬಾಗಿಲು ನಿಮ್ಮ ಬೆನ್ನ ಹಿಂದೆ ಇದ್ದರೆ. ಒಂದು ಸಿಲಿಂಡರಿಗೆ ಆರಲಿಲ್ಲವೆಂದರೆ ಬಾಗಿಲು ಎಳೆದುಕೊಂಡು ಹೊರಡಿ.

ಮೆಟ್ಟಿಲ ಪಕ್ಕ ಕೆಂಪು ಪೈಪು, ಹೋಸ್ ರೀಲ್ ಇದ್ದರೆ ಒಮ್ಮೆ ತಿರುಗಿಸಿ ನೀರು ಬರುತ್ತದಾ ನೋಡಿ. ಕಲಬುರಗಿಯಲ್ಲಿ ನಳದ ನೀರು ದಿನಾ ಬರುವುದಿಲ್ಲ. ಬೇಸಿಗೆಯಲ್ಲಿ ಟ್ಯಾಂಕರ್ ಬರುವಷ್ಟರಲ್ಲಿ ಬೆಂಕಿಗೆಂದು ಇಟ್ಟ ನೀರೂ ಸ್ನಾನಕ್ಕೆ ಖಾಲಿಯಾಗಿರುತ್ತದೆ. ಇದಕ್ಕೆ ಪ್ಲಂಬರ್ ಕೈಯಲ್ಲಿ ಸುಲಭದ ಉಪಾಯ ಇದೆ. ಮನೆಬಳಕೆಯ ಪೈಪನ್ನು ಟ್ಯಾಂಕಿನ ಗೋಡೆಯಲ್ಲಿ ಎತ್ತರದಿಂದ, ಬೆಂಕಿಯ ಪೈಪನ್ನು ತಳದಿಂದ ತೆಗೆಯುವುದು. ಮನೆಗಳಿಗೆ ನೀರು ನಿಂತರೂ ತಳದಲ್ಲಿ ಅಷ್ಟು ನೀರು ಉಳಿದೇ ಇರುತ್ತದೆ. ಬ್ಯಾಟರಿಯ ಹೊಗೆ ಅಲಾರಂ ಸಿಗುತ್ತವೆ. ಮಲಗುವ ಕೋಣೆಯ ಹೊರಗೆ, ಚಾವಣಿಗೆ ಒಂದು ಹಾಕಿ. ಅಡುಗೆಮನೆಯೊಳಗೆ ಬೇಡ, ಒಗ್ಗರಣೆಗೆಲ್ಲ ಕೂಗಿ ಕೊನೆಗೆ ನೀವೇ ಬ್ಯಾಟರಿ ಕಿತ್ತುಹಾಕುತ್ತೀರಿ.

ನಾಲ್ಕನೇ ಹೆಜ್ಜೆ: ಬೆಂಕಿ ಬಿದ್ದಾಗ

*ನಿಮ್ಮ ಮನೆಯಲ್ಲೇ ಆದರೆ* ಇಳಿಯುವುದೊಂದೇ ಉತ್ತರ.

1. ಮನೆಯವರನ್ನೆಲ್ಲ ಕೂಗಿ ಎಬ್ಬಿಸಿ. ಮಕ್ಕಳು ಹೆದರಿ ಮಂಚದ ಕೆಳಗೆ, ಕಪಾಟಿನಲ್ಲಿ ಅಡಗುತ್ತಾರೆ, ಅಲ್ಲಿ ಮೊದಲು ನೋಡಿ.
2. ಹೊಗೆ ಇದ್ದರೆ ಅಂಬೆಗಾಲಿಟ್ಟು ಬನ್ನಿ, ನೆಲದ ಹತ್ತಿರದ ಗಾಳಿ ವಾಸಿ. ಒದ್ದೆ ಬಟ್ಟೆ ಮೂಗಿಗೆ ಹಿಡಿದರೆ ಮಸಿ ತಡೆಯುತ್ತದೆ. ಕಾರ್ಬನ್ ಮಾನಾಕ್ಸೈಡ್ ತಡೆಯುವುದಿಲ್ಲ. ಬಟ್ಟೆ ನಂಬಿಕೊಂಡು ಹೊಗೆಯಲ್ಲಿ ನಿಲ್ಲಬೇಡಿ.
3. ಎಲ್ಲರೂ ಹೊರಬಂದ ಮೇಲೆ ಮುಂಬಾಗಿಲು ಎಳೆದು ಮುಚ್ಚಿ, ಬೀಗ ಹಾಕಬೇಡಿ. ಮುಚ್ಚಿದ ಒಂದು ಬಾಗಿಲು ಇಡೀ ಮೆಟ್ಟಿಲನ್ನು ಕಾಪಾಡುತ್ತದೆ.
4. ಇಳಿಯುತ್ತಾ ಬಾಗಿಲುಗಳನ್ನು ಬಡಿಯಿರಿ. ನಮ್ಮ ಕಟ್ಟಡಗಳಲ್ಲಿ ಕನ್ನಡ, ಉರ್ದು, ತೆಲುಗು, ಮರಾಠಿ ಎಲ್ಲ ಇರುತ್ತವೆ. "ಬೆಂಕಿ! ಆಗ್!" ಎರಡೂ ಕೂಗಿ. ಲಿಫ್ಟಿನ ಹತ್ತಿರ ಹೋಗಬೇಡಿ.
5. ಹೊರಗೆ ಬಂದು 112 ಅಥವಾ 101ಕ್ಕೆ ಫೋನ್ ಮಾಡಿ. ಬಡಾವಣೆ, ರಸ್ತೆ, ಎಲ್ಲರಿಗೂ ಗೊತ್ತಿರುವ ಗುಡಿ, ಮಸೀದಿ ಅಥವಾ ಸರ್ಕಲ್, ಎಷ್ಟನೇ ಮಹಡಿ, ಏನು ಉರಿಯುತ್ತಿದೆ, ಯಾರಾದರೂ ಸಿಕ್ಕಿಬಿದ್ದಿದ್ದಾರಾ, ಇಷ್ಟು ಹೇಳಿ. ಅವರು ಇಡುವ ಮೊದಲು ನೀವು ಫೋನ್ ಇಡಬೇಡಿ. ಒಬ್ಬ ಹುಡುಗನನ್ನು ಮುಖ್ಯ ರಸ್ತೆಗೆ ಕಳಿಸಿ, ವಾಹನಕ್ಕೆ ದಾರಿ ತೋರಿಸಲಿ.

*ಬೆಂಕಿ ಬೇರೆ ಕಡೆ ಆದರೆ* ಯೋಚಿಸಬೇಕು. ಮುಂಬಾಗಿಲನ್ನು ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಿ. ಬಿಸಿ ಇದ್ದರೆ ತೆರೆಯಬೇಡಿ. ತಣ್ಣಗಿದ್ದರೆ ಒಂದು ಬೆರಳಷ್ಟು ತೆರೆದು ಇಣುಕಿ. ಮೆಟ್ಟಿಲು ಕಾಣುತ್ತಿದೆ, ಹೊಗೆ ಇಲ್ಲ ಎಂದರೆ ತಕ್ಷಣ ಇಳಿಯಿರಿ. ಚಿನ್ನ, ಪಾಸ್‌ಬುಕ್ ಹುಡುಕುತ್ತಾ ಕೂರಬೇಡಿ.

ಮೆಟ್ಟಿಲಲ್ಲಿ ಕಪ್ಪು ಹೊಗೆ ಮೇಲೇರುತ್ತಿದ್ದರೆ ಬಾಗಿಲು ಹಾಕಿ, ಒಳಗೇ ಇರಿ. ರಸ್ತೆ ಕಡೆಗೆ ಬಾಲ್ಕನಿ ಇರುವ ಕೋಣೆಗೆ ಎಲ್ಲರೂ ಸೇರಿ. ನಡುವಿನ ಎಲ್ಲ ಬಾಗಿಲು ಮುಚ್ಚಿ. ಬಾಗಿಲ ಕೆಳಗಿನ ಸಂದಿಗೆ ಒದ್ದೆ ಟವೆಲ್, ಬೆಡ್‌ಶೀಟ್ ತುರುಕಿ. ಎಸಿ, ಕೂಲರ್ ಆರಿಸಿ, ಕೂಲರ್ ಹೊರಗಿನ ಹೊಗೆಯನ್ನೇ ಒಳಗೆ ಎಳೆಯುತ್ತದೆ. ಫೋನ್ ಮಾಡಿ ಯಾವ ಮಹಡಿ, ಯಾವ ದಿಕ್ಕಿನ ಬಾಲ್ಕನಿ, ಎಷ್ಟು ಜನ ಎಂದು ಹೇಳಿ. ಬಣ್ಣದ ಸೀರೆಯನ್ನೋ ಫೋನಿನ ಟಾರ್ಚನ್ನೋ ಬೀಸಿ. ಬಾತ್‌ರೂಮಿಗೆ ಮಾತ್ರ ಹೋಗಬೇಡಿ. ನೀರಿದೆ ಎಂದು ಜನ ಅಲ್ಲಿಗೆ ಓಡುತ್ತಾರೆ. ಅದರ ವೆಂಟಿಲೇಟರ್ ಡಕ್ಟಿಗೆ ತೆರೆದಿದ್ದರೆ ಹೊಗೆ ಮೊದಲು ಬರುವುದೇ ಅಲ್ಲಿಗೆ.

ಮಾಳಿಗೆಗೆ ಓಡುವುದು? ಕೊನೆಯ ಮಹಡಿಯವರಿಗೆ, ಹೊಗೆ ಇನ್ನೂ ತೆಳ್ಳಗಿದ್ದರೆ, ಬಾಗಿಲು ತೆರೆದಿದೆ ಎಂಬುದು ಖಾತ್ರಿ ಇದ್ದರೆ ಸರಿ. ಎರಡನೇ ಮಹಡಿಯವರು ಹೊಗೆ ತುಂಬಿದ ಮೆಟ್ಟಿಲಲ್ಲಿ ಮೇಲಕ್ಕೆ ಹೋಗುವುದೆಂದರೆ ಹೊಗೆಯ ಜೊತೆಗೇ ಓಡಿದಂತೆ. ಅದು ಮೇಲೆ ಹೋಗಿ ಮಾಳಿಗೆಯ ಬಾಗಿಲ ಹತ್ತಿರವೇ ಗಟ್ಟಿಯಾಗಿ ನಿಂತಿರುತ್ತದೆ.

ಒಳಗೇ ಇರುವ ನಿರ್ಧಾರಕ್ಕೂ ಒಂದು ಮಿತಿ ಇದೆ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ 72 ಜನ ಸತ್ತರು. ಸುಮಾರು ಎರಡು ಗಂಟೆ ಕಾಲ ಅಲ್ಲಿನವರಿಗೆ ಮನೆಯೊಳಗೇ ಇರಿ ಎಂದು ಹೇಳಲಾಗಿತ್ತು. ಅಷ್ಟರಲ್ಲಿ ಹೊರಗೋಡೆಯ ಹೊದಿಕೆ ಉರಿಯನ್ನು ಕಟ್ಟಡದ ಉದ್ದಕ್ಕೂ ಹಬ್ಬಿಸಿತ್ತು. ನಮ್ಮ ಊರಲ್ಲೂ ಚೆಂದಕ್ಕೆಂದು ಮುಂಭಾಗಕ್ಕೆ ಎಸಿಪಿ ಶೀಟ್ (ಅಲ್ಯೂಮಿನಿಯಂ ಹೊದಿಕೆಯ ಹಲಗೆ) ಹಾಕಿಸುವ ರೂಢಿ ಬಂದಿದೆ. ಉರಿ ಹೊರಗೋಡೆ ಹಿಡಿದು ಮೇಲೆ ಬರುತ್ತಿದ್ದರೆ ಅಥವಾ ಎಷ್ಟು ಬಟ್ಟೆ ತುರುಕಿದರೂ ಕೋಣೆಗೆ ಹೊಗೆ ನುಗ್ಗುತ್ತಿದ್ದರೆ ಫೋನಿನಲ್ಲಿ ಅದನ್ನು ತಿಳಿಸಿ, ಜಾಗ ಬದಲಿಸಿ.

ಇಳಿದವರು ಸೇರುವ ಜಾಗ ಮೊದಲೇ ಗೊತ್ತಿರಲಿ. ರಸ್ತೆಯಾಚೆ, ವೈರುಗಳ ಕೆಳಗಲ್ಲದ ಕಡೆ. ಪ್ರತಿ ಮಹಡಿಯಿಂದ ಒಬ್ಬರು ತಲೆ ಎಣಿಸಬೇಕು. ಎದ್ದು ನಡೆಯಲಾಗದ ಅಜ್ಜ ಯಾವ ಮನೆಯಲ್ಲಿದ್ದಾರೆ, ಬಾಣಂತಿ ಎಲ್ಲಿದ್ದಾರೆ ಎಂಬ ಚೀಟಿ ಅವರ ಹತ್ತಿರ ಇರಲಿ. ಸಿಬ್ಬಂದಿ ಬಂದ ಕೂಡಲೇ ಕೇಳುವುದು ಅದನ್ನೇ. ಯಾರಾದರೂ ಕಾಣೆಯಾಗಿದ್ದರೆ ಸಿಬ್ಬಂದಿಗೆ ಹೇಳಿ, ನೀವು ತಿರುಗಿ ಒಳಗೆ ಹೋಗಬೇಡಿ.

ಐದನೇ ಹೆಜ್ಜೆ: ಅಣಕು ಅಭ್ಯಾಸ

ಏಪ್ರಿಲ್ 14ರಿಂದ 20ರವರೆಗೆ ದೇಶದೆಲ್ಲೆಡೆ ಅಗ್ನಿಶಾಮಕ ಸೇವಾ ಸಪ್ತಾಹ. 1944ರ ಏಪ್ರಿಲ್ 14ರಂದು ಬಾಂಬೆ ಬಂದರಿನ ಹಡಗು ಸ್ಫೋಟದಲ್ಲಿ ಸತ್ತ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ ಇದು ನಡೆಯುತ್ತದೆ. ನಮಗೆ ಅದು ಬೇಸಿಗೆಯ ಹೊಸ್ತಿಲೂ ಹೌದು. ಅಗ್ನಿಶಾಮಕ ಠಾಣೆಗೆ ಅಸೋಸಿಯೇಷನ್ ಲೆಟರ್‌ಹೆಡ್‌ನಲ್ಲಿ ಪತ್ರ ಕೊಟ್ಟು ಪ್ರಾತ್ಯಕ್ಷಿಕೆ ಕೇಳಿ. ಅಭ್ಯಾಸವನ್ನು ಬೆಳಿಗ್ಗೆ ಏಳಕ್ಕೇ ಮುಗಿಸಿ, ಬಿಸಿಲೇರಿದ ಮೇಲೆ ಯಾರೂ ಕೆಳಗಿಳಿಯುವುದಿಲ್ಲ. ಇನ್ನೊಂದು ಸಲ ರಾತ್ರಿ, ಮೆಟ್ಟಿಲ ಲೈಟ್ ಆರಿಸಿ ಮಾಡಿ. ಕೈಕಂಬಿ ಎಲ್ಲಿ ಮುರಿದಿದೆ, ಯಾವ ಮೆಟ್ಟಿಲು ಎತ್ತರ ತಪ್ಪಿದೆ ಎಂಬುದು ಆಗಲೇ ಗೊತ್ತಾಗುವುದು. ಮನೆಗೆಲಸದವರು, ವಾಚ್‌ಮನ್ ಕುಟುಂಬ, ಬಾಡಿಗೆಯವರು, ಪಿಜಿ ಹುಡುಗರು ಎಲ್ಲರೂ ಇರಬೇಕು. ಮೀಟಿಂಗಿಗೆ ಓನರ್‌ಗಳನ್ನಷ್ಟೇ ಕರೆಯುವ ಪದ್ಧತಿ ಇಲ್ಲಿ ಬೇಡ.

ಆಮೇಲೆ

ಬಟ್ಟೆಗೆ ಬೆಂಕಿ ಹತ್ತಿದವರು ಓಡಬಾರದು, ನೆಲಕ್ಕೆ ಬಿದ್ದು ಉರುಳಬೇಕು. ಸುಟ್ಟ ಜಾಗಕ್ಕೆ 20 ನಿಮಿಷ ತಣ್ಣೀರು ಹರಿಸಿ. ಮೇ ತಿಂಗಳ ಮಧ್ಯಾಹ್ನ ನಮ್ಮ ಟ್ಯಾಂಕಿನ ನೀರೇ ಕೈ ಸುಡುತ್ತದೆ. ಆಗ ಕುಡಿಯುವ ಮಡಕೆಯ ನೀರು ಬಳಸಿ. ಐಸ್, ಟೂತ್‌ಪೇಸ್ಟ್, ಅರಿಶಿನ, ಇಂಕು ಯಾವುದೂ ಬೇಡ. ಅಂಟಿಕೊಂಡ ಬಟ್ಟೆ ಕೀಳಬೇಡಿ. 108ಕ್ಕೆ ಫೋನ್ ಮಾಡಿ. ಹೊಗೆ ಕುಡಿದವರು ಚೆನ್ನಾಗಿ ಕಂಡರೂ ಆಸ್ಪತ್ರೆಗೆ ತೋರಿಸಲೇಬೇಕು.

ಸಿಬ್ಬಂದಿ ಹೇಳುವತನಕ ಯಾರೂ ಒಳಗೆ ಹೋಗಬಾರದು. ವೈರ್‌ಮನ್ ಇನ್ಸುಲೇಷನ್ ಪರೀಕ್ಷೆ ಮಾಡಿದ ಮೇಲೆಯೇ ಮೇನ್ ಹಾಕಿ. ಇನ್ಶೂರೆನ್ಸ್ ಇದ್ದರೆ ಏನನ್ನೂ ತೆಗೆಯುವ ಮೊದಲು ಫೋಟೊ ಹಿಡಿದು, ಅಗ್ನಿಶಾಮಕ ಇಲಾಖೆಯ ವರದಿಗೆ ಅರ್ಜಿ ಹಾಕಿ. ಹೊಗೆ, ಶಾಖ ತಾಗಿದ ಹಿಟ್ಟು, ಎಣ್ಣೆ, ತರಕಾರಿ, ಮಾತ್ರೆ ಬಿಸಾಡಿ. ಅಗ್ನಿಶಾಮಕ ಸಿಲಿಂಡರಿನ ಹಿಡಿಕೆಯನ್ನು ಒಂದೇ ಒಂದು ಸೆಕೆಂಡ್ ಒತ್ತಿದ್ದರೂ ಅದನ್ನು ರೀಫಿಲ್‌ಗೆ ಕಳಿಸಿ. ವಾಲ್ವಿನಲ್ಲಿ ಸಿಕ್ಕಿಕೊಂಡ ಪುಡಿಯಿಂದ ಒತ್ತಡ ಸೋರಿಹೋಗಿ, ಕೆಲವೇ ದಿನದಲ್ಲಿ ಗೇಜಿನ ಮುಳ್ಳು ಕೆಂಪಿಗೆ ಬಂದಿರುತ್ತದೆ.